ಕನ್ನಡಿಗೆ ಬಿಂದಿ ಅಂಟಿಸಬಾರದು

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮದಲ್ಲೊಂದು ಸಣ್ಣ ಗುಡಿ. ಗುಡಿಯೊಳಗೆ ದೇವರ ಮೂರ್ತಿ ಇರಲಿಲ್ಲ. ಮೂರ್ತಿ ಇರಬೇಕಾದ ಜಾಗದಲ್ಲಿ ಒಂದು ಕನ್ನಡಿ ಇತ್ತು.

ಆಳೆತ್ತರದ ಹಳೇ ಕನ್ನಡಿ. ಹಿಂದಿನ ಗುರುಗಳು ಅದನ್ನು ಹಾಸಿಗೆಯಲ್ಲಿ ಸುತ್ತಿ, ಹರಿಗೋಲಿನಲ್ಲಿಟ್ಟು, ಆಚೆ ದಡದಿಂದ ತಂದಿದ್ದರಂತೆ. ಬಂದವರು ಅದರ ಮುಂದೆ ನಿಲ್ಲಬೇಕು. ತಮ್ಮ ಮುಖವನ್ನು ತಾವು ನೋಡಿಕೊಳ್ಳಬೇಕು. ಕೈ ಮುಗಿಯಬೇಕು, ಹೋಗಬೇಕು. ಅಲ್ಲಿಯ ಪೂಜೆ ಅಷ್ಟೇ.

ಮೊದಲ ಸಲ ಬಂದವರು ಹೊರಗೆ ಬಂದು ಕೇಳುವುದಿತ್ತು.

"ಇಷ್ಟೇನಾ?"

"ಇಷ್ಟೇ," ಎನ್ನುತ್ತಿದ್ದರು ಕಲ್ಯಾಣವ್ವ. ಆಶ್ರಮದ ಗುರು ಅವರೇ. ಎಪ್ಪತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ಆದರೆ ನಮ್ಮ ಹೆಣ್ಣುಮಕ್ಕಳು ಬರೀ ಹಣೆ ನೋಡಿ ಸುಮ್ಮನಿರುವವರೇ? ಕನ್ನಡಿಯೇ ದೇವರು ಎಂದ ಮೇಲೆ ದೇವರಿಗೆ ಬೊಟ್ಟು ಬೇಡವೇ? ಕನ್ನಡಿಯಲ್ಲಿ ತಮ್ಮ ಹಣೆ ಎಲ್ಲಿ ಕಾಣುತ್ತದೋ ಅಲ್ಲಿಗೆ ಬೆರಳಿನಿಂದ ಕುಂಕುಮ ಹಚ್ಚಿ ಹೋಗುತ್ತಿದ್ದರು. ಸಂಜೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯಿತು.

ಆಮೇಲೆ ಅಂಟಿಸುವ ಬಿಂದಿ ಬಂತು. ಕುಂಕುಮ ಒಂದು ದಿನ ಇರುತ್ತಿತ್ತು, ಬಿಂದಿ ವರ್ಷಗಟ್ಟಲೆ ಉಳಿಯಿತು. ಕುಳ್ಳಗಿನವರದು ಕೆಳಗೆ, ಉದ್ದದವರದು ಮೇಲೆ. ನೋಡುನೋಡುತ್ತ ಕನ್ನಡಿಯ ತುಂಬ ಕೆಂಪು ಚುಕ್ಕೆ.

ಇದನ್ನು ನೋಡಿ ಹಾಲೇಶಿಗೆ ಮೈ ಉರಿಯಿತು.

ಹಾಲೇಶಿ ಅವ್ವನ ಶಿಷ್ಯ. ನಲವತ್ತರ ಗಂಡಸು. ಮೊದಲು ಪೇಟೆಯಲ್ಲಿ ಅವನದು ರೇಡಿಯಂ ಸ್ಟಿಕ್ಕರ್ ಅಂಗಡಿ ಇತ್ತು. ಟ್ರ್ಯಾಕ್ಟರುಗಳ ಹಿಂದೆ 'ತಾಯಿಯ ಆಶೀರ್ವಾದ' ಎಂದು ಅಂಟಿಸಿ ಅಂಟಿಸಿ, ಒಂದು ದಿನ ಆಶೀರ್ವಾದ ಅಂದರೆ ಏನು ಎಂಬ ಪ್ರಶ್ನೆ ಹುಟ್ಟಿತು. ಅಂಗಡಿ ಮುಚ್ಚಿ ಆಶ್ರಮಕ್ಕೆ ಬಂದ. ಮನುಷ್ಯ ಒಳ್ಳೆಯವನೇ. ಆದರೆ ಹಿಡಿದ ಕೆಲಸ ಆ ಗಳಿಗೆಯಲ್ಲೇ ಮುಗಿಯಬೇಕು ಅನ್ನುವ ಜಾತಿ.

ಆಶ್ರಮಕ್ಕೆ ಬಂದ ತಿಂಗಳಲ್ಲೇ ಅವನು ಒಂದು ಕೆಂಪು ರೇಡಿಯಂ ಹಾಳೆ ಕತ್ತರಿಸಿದ. ಎರಡು ಗೇಣು ಅಗಲ, ಒಂದು ಗೇಣು ಎತ್ತರ. ಮೇಲೆ ಬಿಳಿ ಅಕ್ಷರ: ಕನ್ನಡಿಗೆ ಬಿಂದಿ ಅಂಟಿಸಬಾರದು.

ಅದನ್ನು ಕನ್ನಡಿಗೇ ಅಂಟಿಸಿದ. ಎಲ್ಲರ ಕಣ್ಣಿಗೆ ಬೀಳಲಿ ಎಂದು ಸರಿಯಾಗಿ ಮುಖದ ಮಟ್ಟಕ್ಕೆ ಅಂಟಿಸಿದ.

"ಅವ್ವಾರೆ, ಮಳೆ ಬರ್ಲಿ ಬಿಸಿಲು ಬರ್ಲಿ, ಹತ್ತು ವರ್ಷ ಅಲ್ಲಾಡಲ್ಲ. ಗ್ಯಾರಂಟಿ," ಎಂದಿದ್ದ.

"ಹೌದಾ?" ಎಂದಿದ್ದರು ಅವ್ವ. ಮತ್ತೇನೂ ಹೇಳಿರಲಿಲ್ಲ.

ಮೂರು ವರ್ಷ ಕಳೆಯಿತು. ಬಿಂದಿ ನಿಲ್ಲಲಿಲ್ಲ. ಬೋರ್ಡು ಓದಿ, ತಲೆ ಅಲ್ಲಾಡಿಸಿ, ಹೆಂಗಸರು ಬೋರ್ಡಿನ ಪಕ್ಕದಲ್ಲಿ ಅಂಟಿಸಿ ಹೋದರು. 'ಬಿಂದಿ' ಎಂಬ ಪದದ ಸೊನ್ನೆಯೊಳಗೆ ಯಾರೋ ಪುಣ್ಯಾತ್ಗಿತ್ತಿ ಅಳತೆ ಮಾಡಿದ ಹಾಗೆ ಒಂದು ಹಸಿರು ಬಿಂದಿ ಕೂರಿಸಿದ್ದಳು.

ಆಶ್ರಮಕ್ಕೆ ದಿನಾ ಬರುತ್ತಿದ್ದರೂ ಗುಡಿಯೊಳಗೆ ಮಾತ್ರ ಕಾಲಿಡದವಳು ಒಬ್ಬಳಿದ್ದಳು. ಹುಲಿಗೆಮ್ಮ.

ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಮಂಡಕ್ಕಿ ಮಿರ್ಚಿ ಅಂಗಡಿ ಹೆಸರಾಗಿತ್ತು. ಎರಡು ವರ್ಷದ ಹಿಂದೆ ಕಾದ ಎಣ್ಣೆಯ ಬಾಣಲಿ ಮಗುಚಿ ಎಡಗೆನ್ನೆ ಸುಟ್ಟಿತು. ಜೀವ ಉಳಿಯಿತು, ಅಂಗಡಿ ಮುಚ್ಚಿತು. ಅಂದಿನಿಂದ ಸೆರಗನ್ನು ಮೂಗಿನ ತನಕ ಎಳೆದುಕೊಂಡೇ ಇರುತ್ತಿದ್ದಳು. ಮನೆಯ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. ನದಿಯ ಮೆಟ್ಟಿಲ ಮೇಲೆ ಕೂತು ಆಶ್ರಮದ ಅಡುಗೆಗೆ ಬೆಳ್ಳುಳ್ಳಿ ಸುಲಿದು ಕೊಟ್ಟು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಅವ್ವನ ಹತ್ತಿರ ಬಂದಳು.

"ಅವ್ವಾರೆ, ಮಗಳ ಮದುವಿ ಗೊತ್ತಾತು."

"ಚಲೋ ಆತು."

"ಹಂದರದಾಗೆ ನಾನು ಸೆರಗು ಇಳಿಸಿ ನಿಲ್ಲಬೇಕು. ಊರೆಲ್ಲ ನೋಡ್ತತಿ. ಊರು ನೋಡೋಕಿಂತ ಮೊದ್ಲು ನಾನು ನೋಡ್ಬೇಕು. ಈ ಎಡ್ಡು ವರ್ಷದಾಗೆ ಒಂದ್ಸಲನೂ ನೋಡಿಲ್ಲ."

ಅವ್ವ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟರು.

"ಹುಣ್ಣಿಮಿ ದಿನ ಬರ್ತೀನಿ. ಇಲ್ಲೇ ನೋಡ್ತೀನಿ. ಮನ್ಯಾಗೆ ಒಬ್ಬಾಕೇ ನೋಡೋ ಧೈರ್ಯ ಇಲ್ಲ."

"ಬಾ," ಎಂದರು ಅವ್ವ.

ಅವಳು ಹೋದ ಮೇಲೆ ಹಾಲೇಶಿಯನ್ನು ಕರೆದರು.

"ಹುಣ್ಣಿಮಿಗೆ ಎಷ್ಟು ದಿನ ಐತಿ?"

"ಹತ್ತು ದಿನ, ಅವ್ವಾರೆ."

"ಕನ್ನಡಿ ಮ್ಯಾಲೆ ಇರೋದನ್ನೆಲ್ಲ ತೆಗಿ. ಒಂದು ಚುಕ್ಕಿ ಉಳೀಬಾರ್ದು. ಒಂದು ಗೀರು ಬೀಳಬಾರ್ದು."

"ಹತ್ತು ದಿನ ಯಾಕ್ರಿ? ನನ್ನ ಕಸುಬೇ ಅದು. ಇವತ್ತು ಸಂಜೀಗೆ ಮುಗಿಸ್ತೀನಿ."

"ಆಗ್ಲಿ," ಎಂದರು ಅವ್ವ.

ಹಾಲೇಶಿ ಪೆಟ್ಟಿಗೆಯಿಂದ ತನ್ನ ಹಳೇ ಕಟರ್ ತೆಗೆದ. ಸಾವಿರ ಅಕ್ಷರ ಕತ್ತರಿಸಿದ ಕೈ. ಕೆಳಗಿನ ಮೂಲೆಯಿಂದ ಶುರು ಮಾಡಿದ. ಒಂದು ಬಿಂದಿ ಹಾರಿತು, ಎರಡು ಹಾರಿದವು. ಮೂರನೆಯದಕ್ಕೆ ಬ್ಲೇಡಿನ ತುದಿ ಮುರಿದು ಕರ್ ಎಂದಿತು.

ಗಾಜಿನ ಮೇಲೆ ಉಗುರುದ್ದದ ಗೀರು.

ಅವನು ಅದನ್ನು ಉಗುಳು ಹಚ್ಚಿ ತಿಕ್ಕಿದ. ಹೋಗಲಿಲ್ಲ. ಪಂಚೆಯಿಂದ ತಿಕ್ಕಿದ. ಹೋಗಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ ನಿಂತಿದ್ದರು.

"ಬಗ್ಗು," ಎಂದರು.

ಹಾಲೇಶಿ ಬಗ್ಗಿದ.

"ಇನ್ನೂ ಬಗ್ಗು. ಆ ಗೀರು ನಿನ್ನ ಕೆನ್ನಿ ಮ್ಯಾಲೆ ಬರಂಗೆ ಮುಖ ಇಡು."

ಅವನು ನೆಲಕ್ಕೆ ಮಂಡಿಯೂರಿ ಮುಖ ಇಟ್ಟ.

"ಏನು ಕಾಣ್ತತಿ?"

"ನನ್ನ ಮುಖ. ಕೆನ್ನಿ ಮ್ಯಾಲೆ ಒಂದು ಗಾಯ."

"ಒರೆಸ್ಕೊ."

ಹಾಲೇಶಿ ಕೆನ್ನೆ ಒರೆಸಿಕೊಂಡ. ಗಾಯ ಅಲ್ಲೇ ಇತ್ತು. ಸೆರಗಿನ ಹಿಂದಿನ ಹುಲಿಗೆಮ್ಮನ ಕೆನ್ನೆ ನೆನಪಾಯಿತು. ಕಟರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಆದರೆ ಹಟ ಬಿಡುವವನಲ್ಲ. ಮರುದಿನ ಬೆಳಿಗ್ಗೆ ಹಂಡೆಯ ನೀರು ಕುದಿಸಿದ. ಗಾಡಿಗಳ ಸ್ಟಿಕ್ಕರಿಗೆ ಬಿಸಿನೀರು ಸುರಿದರೆ ಅಂಟು ಮೆತ್ತಗಾಗುತ್ತದೆ ಎಂಬುದು ಅವನಿಗೆ ಗೊತ್ತಿದ್ದ ವಿದ್ಯೆ. ಚಳಿಗಾಲದ ಬೆಳಗು, ಗುಡಿಯ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ತಂಬಿಗೆ ಹಿಡಿದು ಬಂದ.

ಮೆಟ್ಟಿಲ ಹತ್ತಿರ ಅವ್ವ ಕೂತಿದ್ದರು. ಪಕ್ಕದಲ್ಲಿ ರಾತ್ರಿ ಮರೆತುಹೋದ ಟೀ ಲೋಟ. ಗಾಜಿನದು.

"ಇದಕ್ಕೆ ಸ್ವಲ್ಪ ಹಾಕು," ಎಂದರು.

ಹಾಲೇಶಿ ಕುದಿಯುವ ನೀರು ಹಾಕಿದ. ಲೋಟ ಟಪ್ ಎಂದು ಎರಡಾಯಿತು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಹರಿಯಿತು.

"ಈಗ ಕನ್ನಡಿಗೆ ಹಾಕು, ಹೋಗು."

ಅವನು ಹೋಗಲಿಲ್ಲ. ಆ ನೀರಲ್ಲೇ ಸ್ನಾನ ಮಾಡಿದ.

ಮೂರನೇ ದಿನ ಬರಿಗೈಯಲ್ಲಿ ಕೂತ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಗಾದೆಯೇ ಇದೆಯಲ್ಲ. ಆ ಗಾದೆ ಕಟ್ಟಿದವರ ಕಾಲದಲ್ಲಿ ಈ ಅಂಟು ಇರಲಿಲ್ಲ ಅನ್ನುವುದು ಅವನಿಗೆ ತಿಳಿಯಲು ಮೂರು ದಿನ ಹಿಡಿಯಿತು.

ಮೂರು ದಿನವೂ ಉಗುರಿನಿಂದ ಕೆರೆದ. ಊಟಕ್ಕೆ ಕರೆದರೆ ಏಳಲಿಲ್ಲ. ಬಿಂದಿಯ ಮೇಲಿನ ಕೆಂಪು ಮಖಮಲ್ಲು ಎದ್ದು ಬರುತ್ತಿತ್ತು, ಕೆಳಗಿನ ಅಂಟು ಅಲ್ಲೇ ಉಳಿಯುತ್ತಿತ್ತು. ಉಳಿದ ಅಂಟಿಗೆ ಧೂಳು ಕೂತು ಕರೀ ಉಂಗುರಗಳಾದವು. ಮೊದಲು ಚುಕ್ಕೆಗಳ ನಡುವೆ ಅಷ್ಟಿಷ್ಟು ಮುಖ ಕಾಣುತ್ತಿತ್ತು. ಈಗ ಸಿಡುಬು ಬಂದ ಮುಖ ಕಾಣುತ್ತಿತ್ತು.

ಐದನೇ ದಿನ ಸಂಜೆ ಹಾಲೇಶಿ ಅವ್ವನ ಮುಂದೆ ಎರಡೂ ಕೈ ಚಾಚಿದ. ಉಗುರು ಮುರಿದಿದ್ದವು. ಎರಡು ಬೆರಳಲ್ಲಿ ರಕ್ತ ಒಣಗಿತ್ತು.

"ನನ್ನಿಂದ ಆಗಲ್ಲ ಅನ್ನಲ್ಲ, ಅವ್ವಾರೆ. ಆಗ್ಲೇಬೇಕು. ಆದ್ರೆ ದಾರಿ ಕಾಣ್ವಲ್ದು."

"ಅಂಟಿಸೋ ವಿದ್ಯೆ ಎಷ್ಟು ವರ್ಷ ಕಲ್ತಿ?"

"ಹದಿನೆಂಟು ವರ್ಷ."

"ಬಿಡಿಸೋ ವಿದ್ಯೆ?"

ಹಾಲೇಶಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ಗೊತ್ತಿದ್ದೋರನ್ನ ಕೇಳು."

"ಯಾರ್ರಿ ಅದು?"

"ದಿನಾ ಮೆಟ್ಟಿಲ ಮ್ಯಾಲೆ ಕೂತು ಬೆಳ್ಳುಳ್ಳಿ ಸುಲೀತಾಳಲ್ಲ, ಆಕಿ."

ಎರಡು ವರ್ಷ ಒಂದೇ ಅಂಗಳದಲ್ಲಿ ಓಡಾಡಿದರೂ ಹಾಲೇಶಿ ಹುಲಿಗೆಮ್ಮನ ಜೊತೆ ನಾಲ್ಕು ಮಾತು ಆಡಿರಲಿಲ್ಲ. ಎಲ್ಲಿ ನೋಡಬೇಕು ಎಂದು ತಿಳಿಯದೆ ತಪ್ಪಿಸಿಕೊಂಡು ತಿರುಗುತ್ತಿದ್ದ. ಮರುದಿನ ಬೆಳಿಗ್ಗೆ ಹೋಗಿ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತ.

"ಅಕ್ಕಾರೆ, ಗಾಜಿಗೆ ಹತ್ತಿದ ಅಂಟು ಹೆಂಗ್ರಿ ಬಿಡಿಸೋದು?"

ಅವಳು ಸೆರಗು ಎಳೆದುಕೊಂಡಳು. ಅವನ ಕೈ ನೋಡಿದಳು.

"ಉಗುರಲ್ಲಿ ಕೆರೆದ್ಯಾ, ಅಣ್ಣಾ?"

"ಹೂಂ."

"ಹುಚ್ಚ. ಎಣ್ಣಿ ಹಚ್ಬೇಕು."

ಎಣ್ಣೆ ಎನ್ನುವಾಗ ಅವಳ ದನಿ ಸ್ವಲ್ಪ ನಿಂತಿತು. ಆಮೇಲೆ ಹೇಳಿದಳು. ಅಂಗಡಿಗೆ ದಿನಾ ಒಂದು ಡಬ್ಬಿ ಎಣ್ಣೆ ಬರುತ್ತಿತ್ತು. ಖಾಲಿ ಡಬ್ಬಿಯನ್ನು ಹಿಟ್ಟಿಗೆ, ಮಂಡಕ್ಕಿಗೆ ಇಟ್ಟುಕೊಳ್ಳುತ್ತಿದ್ದಳು. ಡಬ್ಬಿಯ ಮೇಲಿನ ಚೀಟಿಗೆ ತಳದಲ್ಲಿ ಉಳಿದ ಶೇಂಗಾ ಎಣ್ಣೆಯನ್ನೇ ಸವರಿ ಬಿಡುತ್ತಿದ್ದಳು. ಚೀಟಿ ತಾನಾಗಿ ಜಾರುತ್ತಿತ್ತು.

"ಕಾಸ್ಬೇಕಾ?"

"ಬ್ಯಾಡ!" ಅವಳ ಕೈಯ ಬೆಳ್ಳುಳ್ಳಿ ಕೆಳಗೆ ಬಿತ್ತು. "ತಣ್ಣಂದೇ. ಹಚ್ಚಿ ಬಿಟ್ಬಿಡ್ಬೇಕು. ಮುಟ್ಬಾರ್ದು."

"ಎಷ್ಟೊತ್ತು?"

"ಅದಕ್ಕೆ ಎಷ್ಟು ಬೇಕೋ ಅಷ್ಟು."

"ಒಂದ್ಸಲ ಬಂದು ತೋರಿಸ್ರಿ, ಅಕ್ಕಾರೆ."

"ನಾನು ಎಣ್ಣಿ ಮುಟ್ಟಿ ಎಡ್ಡು ವರ್ಷ ಆತು. ಒಗ್ಗರಣೆ ಹಾಕಲ್ಲ, ತಲಿಗೆ ಹಚ್ಚಲ್ಲ. ಕನ್ನಡಿ ಮುಂದೂ ಬರಲ್ಲ, ಹುಣ್ಣಿಮಿ ತನ. ನೀನೇ ಮಾಡ್ಕ."

ಹಾಲೇಶಿ ಓಡಿದ. ಬಟ್ಟಲು ತುಂಬ ಎಣ್ಣೆ ತಂದ. ಹತ್ತಿಯಲ್ಲಿ ಅದ್ದಿ ಒಂದು ಸಾಲಿಗೆ ಹಚ್ಚಿದ. ಐದು ನಿಮಿಷವೂ ಆಗಿರಲಿಲ್ಲ, ಹೆಬ್ಬೆರಳಲ್ಲಿ ಒತ್ತಿ ನೋಡಿದ. ಬಿಂದಿ ಅರ್ಧ ಹರಿದು ಕೈಗೆ ಬಂತು, ಅರ್ಧ ಗಾಜಿನಲ್ಲಿ ಉಳಿಯಿತು.

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದು ಬಾಗಿಲಿಂದ ಅವ್ವನ ದನಿ ಬಂತು. ಹಿಂದೆಯೇ ಒಂದು ಬುಟ್ಟಿಯೂ ಬಂತು. ಬುಟ್ಟಿಯ ತುಂಬ ಬೆಳ್ಳುಳ್ಳಿ.

"ಎಣ್ಣಿ ಹಚ್ಚು. ಕನ್ನಡಿಗೆ ಬೆನ್ನು ಮಾಡಿ ಕೂತ್ಕೊ. ಇಷ್ಟೂ ಸುಲಿ. ಆಮ್ಯಾಲೆ ತಿರುಗಿ ನೋಡು."

"ಅವ್ವಾರೆ, ಹುಣ್ಣಿಮಿಗೆ ಐದೇ ದಿನ ಐತಿ."

"ಅದಕ್ಕೇ ಹೇಳಿದ್ದು."

ಉಗುರಿಲ್ಲದ ಬೆರಳಲ್ಲಿ ಬೆಳ್ಳುಳ್ಳಿ ಸುಲಿಯುವುದು ಎಂಥ ಕಷ್ಟ ಎಂದು ಸುಲಿದವರಿಗೇ ಗೊತ್ತು. ಹಾಲೇಶಿಯ ಕಣ್ಣಲ್ಲಿ ನೀರು ಬಂತು. ಗಾಯಕ್ಕೆ ಖಾರ ಹತ್ತಿ ಉರಿಯಿತು. ನೂರು ಸಲ ತಿರುಗಿ ನೋಡಬೇಕು ಅನ್ನಿಸಿತು. ಹಲ್ಲು ಕಚ್ಚಿ ಕೂತ. ಬುಟ್ಟಿಯ ತಳ ಕಂಡ ಮೇಲೆ ಎದ್ದು ತಿರುಗಿದ.

ಹೆಬ್ಬೆರಳು ಇಟ್ಟ. ಒತ್ತಲಿಲ್ಲ. ಬಿಂದಿ ಜಾರಿ ಅಂಗೈಗೆ ಬಂತು, ಹಿಂದಿನ ಅಂಟೂ ಅದರ ಜೊತೆಗೇ ಬಂತು.

ಅವನಿಗೆ ಕುಣಿಯಬೇಕು ಅನ್ನಿಸಿತು. ಅಷ್ಟು ಸಂತೋಷವನ್ನು ಅವನು ಆಶ್ರಮದಲ್ಲಿ ಅದುವರೆಗೂ ಕಂಡಿರಲಿಲ್ಲ.

ಆರನೇ ದಿನ, ಏಳನೇ ದಿನ, ಎಂಟನೇ ದಿನ. ಒಂದು ಸಾಲು ಎಣ್ಣೆ, ಒಂದು ಬುಟ್ಟಿ ಬೆಳ್ಳುಳ್ಳಿ. ಆಶ್ರಮದ ಸಾರು, ಪಲ್ಯ, ಮಜ್ಜಿಗೆ ಎಲ್ಲವೂ ಬೆಳ್ಳುಳ್ಳಿಮಯವಾಯಿತು. ಊಟಕ್ಕೆ ಬಂದವರು ಮೂಗು ಮುರಿದರು. ಹಾಲೇಶಿ ಕೇರ್ ಮಾಡಲಿಲ್ಲ.

ತೆಗೆಯುತ್ತ ತೆಗೆಯುತ್ತ ಅವನಿಗೆ ಇನ್ನೊಂದು ತಿಳಿಯಿತು. ಸೊಂಟದ ಮಟ್ಟದಲ್ಲಿದ್ದ ಪುಟ್ಟ ಬಿಂದಿ ಯಾವುದೋ ಹುಡುಗಿಯದು. ಅದರ ಪಕ್ಕದ್ದು ಗೂನು ಬೆನ್ನಿನ ಮುದುಕಿಯದೇ ಇರಬೇಕು. ತೀರ ಮೇಲೆ, ಯಾರ ಹಣೆಯೂ ಮುಟ್ಟದ ಎತ್ತರದಲ್ಲಿ ಒಂದಿತ್ತು. ಯಾರೋ ಕೂಸನ್ನು ಹೆಗಲ ಮೇಲೆ ಕೂರಿಸಿ ಅಂಟಿಸಿದ್ದರು. ಮೂರು ವರ್ಷ ಅವನಿಗೆ ಅದೆಲ್ಲ ಕಸವಾಗಿ ಕಂಡಿತ್ತು. ಈಗ ಒಂದೊಂದನ್ನೂ ಬಾಳೆ ಎಲೆಯ ಮೇಲೆ ಮೆಲ್ಲಗೆ ಇಟ್ಟ.

ಎಣ್ಣೆಯ ಜಿಡ್ಡು ಹೇಗೆ ತೆಗೆಯುವುದು ಎಂದು ಹುಲಿಗೆಮ್ಮನನ್ನೇ ಕೇಳಿದ.

"ಕಡ್ಲಿಹಿಟ್ಟು ಹಾಕು. ಎಷ್ಟು ಎಣ್ಣಿ ಇದ್ರೂ ಕುಡೀತತಿ. ಆಮ್ಯಾಲೆ ಒದ್ದಿ ಬಟ್ಟಿ."

"ಎಣ್ಣಿ ಆತು, ಕಡ್ಲಿಹಿಟ್ಟು ಆತು. ಮೆಣಸಿನಕಾಯಿ ಒಂದು ಬಾಕಿ, ಅಕ್ಕಾರೆ."

ಸೆರಗಿನ ಹಿಂದೆ ಅವಳು ನಕ್ಕಳು. ಅವಳು ನಕ್ಕಿದ್ದನ್ನು ಆಶ್ರಮ ಕೇಳಿದ್ದು ಅದೇ ಮೊದಲು.

ಒಂಬತ್ತನೇ ದಿನಕ್ಕೆ ಕನ್ನಡಿಯಲ್ಲಿ ಒಂದು ಬಿಂದಿಯೂ ಇರಲಿಲ್ಲ. ಉಳಿದದ್ದು ನಡುಮಧ್ಯದ ಕೆಂಪು ಬೋರ್ಡು ಒಂದೇ.

ಹಾಲೇಶಿ ಅದಕ್ಕೂ ಎಣ್ಣೆ ಹಚ್ಚಿದ. ಒಂದು ಬುಟ್ಟಿ ಸುಲಿದ. ಅಲ್ಲಾಡಲಿಲ್ಲ. ಎರಡು ಬುಟ್ಟಿ ಸುಲಿದ. ರೇಡಿಯಂ ಹಾಳೆ ಎಣ್ಣೆ ಕುಡಿಯುವ ಜಾತಿಯದಲ್ಲ. ಎಣ್ಣೆ ಮೇಲಿಂದ ಮೇಲೇ ಇಳಿದುಹೋಯಿತು. ಬೋರ್ಡು ಮೊದಲಿಗಿಂತ ಹೆಚ್ಚು ಹೊಳೆಯಿತು. ಹತ್ತನೇ ದಿನ ಬೆಳಗಾಯಿತು. ಮರುದಿನವೇ ಹುಣ್ಣಿಮೆ.

ಅವನು ಅವ್ವನ ಮುಂದೆ ಬಂದು ನಿಂತ.

"ಬೋರ್ಡು ಬರ್ವಲ್ದು, ಅವ್ವಾರೆ."

"ಯಾರು ಅಂಟಿಸಿದ್ದು?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ನಾನೇ."

"ಯಾಕೆ?"

"ಯಾರೂ ಏನೂ ಅಂಟಿಸ್ಬಾರ್ದು ಅಂತ."

ಹೇಳಿ ಮುಗಿಸುವ ಹೊತ್ತಿಗೆ ಅವನ ಕಿವಿ ಕೆಂಪಾಗಿತ್ತು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೂರು ವರ್ಷದಿಂದ ಬಂದೋರೆಲ್ಲ ನನ್ನ ಅಕ್ಷರ ಓದಿ ಹೋಗ್ಯಾರ, ಅವ್ವಾರೆ. ತಮ್ಮ ಮುಖ ನೋಡಿಲ್ಲ. ನನಗೆ ಒಂದು ಮಾತು ಹೇಳಬಾರ್ದಿತ್ತೇನ್ರಿ?"

"ಹತ್ತು ವರ್ಷ ಗ್ಯಾರಂಟಿ ಅಂದಿದ್ದಿ. ಇನ್ನು ಏಳು ವರ್ಷ ಕಾಯೋಣ ಅಂತಿದ್ದೆ."

ಹಾಲೇಶಿ ನಗಲಿಲ್ಲ. ನೇರ ನದಿಯ ಮೆಟ್ಟಿಲಿಗೆ ಹೋದ.

"ಅಕ್ಕಾರೆ, ನಾಳೆ ನೀವು ಬರೋ ಹೊತ್ತಿಗೆ ಕನ್ನಡ್ಯಾಗೆ ನಿಮ್ಮ ಮುಖ ಇರೋ ಜಾಗದಾಗೇ ನನ್ನ ಬೋರ್ಡು ಇರ್ತತಿ. ಏನು ಮಾಡ್ಲಿ?"

ಹುಲಿಗೆಮ್ಮ ಕೈಯ ಬೆಳ್ಳುಳ್ಳಿ ಕೆಳಗಿಟ್ಟಳು.

"ಹೊಳಪಿನ ಚೀಟಿಯಾ?"

"ಹೂಂ."

"ಮ್ಯಾಲಿಂದ ಹಚ್ಚಿದ್ರೆ ಹೋಗಲ್ಲ. ಅಂಚಿಂದ ಇಳಿಸ್ಬೇಕು. ಮ್ಯಾಲಿನ ಅಂಚನ್ನ ಹುಣಸಿ ಬೀಜದಾಗೆ ಒಂಚೂರು ಎಬ್ಬಿಸು. ಸಂದಿಯಾಗೆ ಒಂದೊಂದೇ ಹನಿ ಬಿಡು. ಎಣ್ಣಿ ತಾನೇ ದಾರಿ ಮಾಡ್ಕಂಡು ಇಳೀತತಿ. ಬೀಜದ ಚೂಪು ಗಾಜಿಗೆ ಏನೂ ಮಾಡಲ್ಲ."

ಹಾಲೇಶಿ ಹುಣಸೆ ಬೀಜವನ್ನು ಕಲ್ಲಿನ ಮೇಲೆ ಉಜ್ಜಿ ಚೂಪು ಮಾಡಿದ. ಅಂಚು ಎಬ್ಬಿಸಿದ. ಎಣ್ಣೆ ಹನಿಸಿದ. ಆದರೆ ಉಗುರು ಮುರಿದ ಬೆರಳಿಗೆ ಹಿಡಿತ ಸಿಗಲಿಲ್ಲ. ಹನಿ ಸಂದಿಗೆ ಬೀಳದೆ ಬೋರ್ಡಿನ ಮೇಲೆ ಹರಿಯಿತು. ಇನ್ನೊಂದು ಹನಿ. ಅದೂ ಹರಿಯಿತು. ಅವನು ಅಂಚು ಹಿಡಿದು ಜಗ್ಗಿದ. ಚರ್ ಎಂದು ಒಂದು ಮೂಲೆ ಹರಿಯಿತು.

"ಹಂಗಲ್ಲ!"

ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು. ಮುಖ ಹೊರಗಡೆ ತಿರುಗಿಸಿ, ಕಣ್ಣಂಚಿನಲ್ಲಿ ಅವನ ಕೈ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹಂಗಲ್ಲ ಅಣ್ಣಾ, ಎಣ್ಣಿ ಎಲ್ಲ ಚೆಲ್ತಿ! ಬೆರಳಿಂದ ಬಿಡ್ಬೇಕು. ಬೆರಳ ತುದೀಲಿ."

"ನನ್ನ ಬೆರಳು ಮಾತು ಕೇಳ್ವಲ್ವು, ಅಕ್ಕಾರೆ."

ಹದಿನೈದು ವರ್ಷ ಎಣ್ಣೆಯ ಮುಂದೆ ಕೂತವಳಿಗೆ ಎಣ್ಣೆ ಹಾಳಾಗುವುದನ್ನು ನೋಡಿಕೊಂಡು ನಿಲ್ಲಲು ಆಗಲಿಲ್ಲ. ಹೊಸ್ತಿಲು ದಾಟಿದಳು. ಬಟ್ಟಲಿನ ಹತ್ತಿರ ಕೂತಳು. ಬಾಗಿಲಿಂದ ಬಂದ ಬಿಸಿಲಿಗೆ ಎಣ್ಣೆ ಬೆಚ್ಚಗಾಗಿತ್ತು.

ಕೈ ಚಾಚಿದಳು. ಹಿಂದಕ್ಕೆ ಎಳೆದುಕೊಂಡಳು. ಅವಳ ಉಸಿರು ಹಾಲೇಶಿಗೆ ಕೇಳುತ್ತಿತ್ತು. ಅವನು ಏನೂ ಹೇಳಲಿಲ್ಲ. ಹಾಗೆ ಸುಮ್ಮನಿರುವುದನ್ನು ಅವನು ಆ ವಾರವಷ್ಟೇ ಕಲಿತಿದ್ದ.

ಹುಲಿಗೆಮ್ಮ ಕಣ್ಣು ಮುಚ್ಚಿ ಬೆರಳು ಅದ್ದಿದಳು.

ಸುಡಲಿಲ್ಲ.

ಮತ್ತೊಮ್ಮೆ ಅದ್ದಿದಳು. ಎದ್ದು ಕನ್ನಡಿಯ ಹತ್ತಿರ ಹೋದಳು. ಕಣ್ಣನ್ನು ಬೋರ್ಡಿನ ಮೇಲಿನ ಅಂಚಿಗೆ ನೆಟ್ಟಳು, ಅತ್ತಿತ್ತ ಹೊರಳಿಸಲಿಲ್ಲ. ಬೆರಳ ತುದಿಯಿಂದ ಒಂದು ಹನಿ ಸಂದಿಗೆ ಬಿಟ್ಟಳು. ಹನಿ ಒಳಗೆ ಹೋಯಿತು. ಇನ್ನೊಂದು ಹೋಯಿತು. ಕೆಲಸಕ್ಕೆ ಸೆರಗು ಅಡ್ಡ ಬಂತು. ಅಭ್ಯಾಸದ ಕೈ ಅದನ್ನು ತೆಗೆದು ಸೊಂಟಕ್ಕೆ ಸಿಗಿಸಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಹಾಲೇಶಿಗೆ ಗೊತ್ತಾಯಿತು. ಅವನು ಮೆಲ್ಲಗೆ ಹಿಂದೆ ಸರಿದು ಬಾಗಿಲ ಹೊರಗೆ ಬಂದ. ಅಲ್ಲಿ ಅವ್ವ ಕೂತಿದ್ದರು. ಅವನೂ ಕೂತ.

ಬಿಸಿಲು ಹೊಸ್ತಿಲಿಂದ ಗೋಡೆಗೆ ಏರಿತು. ಒಳಗೆ ಅವಳು ಹನಿ ಬಿಡುತ್ತಲೇ ಇದ್ದಳು. ಕಾಯುತ್ತಿದ್ದಳು, ಹುಣಸೆ ಬೀಜದಿಂದ ಕೂದಲೆಳೆಯಷ್ಟು ಎಬ್ಬಿಸುತ್ತಿದ್ದಳು, ಮತ್ತೆ ಹನಿ ಬಿಡುತ್ತಿದ್ದಳು. ಮೊದಲು 'ಕನ್ನಡಿಗೆ' ಸಡಿಲಾಯಿತು. ಆಮೇಲೆ 'ಬಿಂದಿ', ಹಸಿರು ಬಿಂದಿಯ ಸಮೇತ. ಎಷ್ಟೋ ಹೊತ್ತಿನ ಮೇಲೆ ಹಾಳೆ ಪೂರ್ತಿಯಾಗಿ, ಇನ್ನೆಲ್ಲೂ ಹರಿಯದೆ, ಮೇಲಿಂದ ಕೆಳಕ್ಕೆ ಮಗುಚಿಕೊಂಡು ಅವಳ ಕೈಗೆ ಬಂತು.

ಹಾಳೆ ಹೋದ ಜಾಗದಲ್ಲಿ ಅವಳ ಮುಖ ಇತ್ತು.

ಒಳಗೆ ಸದ್ದೇ ಇಲ್ಲ. ಹಾಲೇಶಿ ಏಳಲು ಹೋದ. ಅವ್ವ ಅವನ ಮೊಣಕಾಲ ಮೇಲೆ ಕೈ ಇಟ್ಟು ಕೂರಿಸಿದರು.

ಬಹಳ ಹೊತ್ತಾದ ಮೇಲೆ ಒಳಗಿಂದ ಮಾತು ಬಂತು.

"ಇಷ್ಟೇನಾ?"

"ಇಷ್ಟೇ," ಎಂದರು ಅವ್ವ, ಕೂತಲ್ಲಿಂದಲೇ.

ಆಗ ಹುಲಿಗೆಮ್ಮ ಅತ್ತಳು. ಎರಡು ವರ್ಷದ್ದನ್ನೂ ಸೇರಿಸಿ ಅತ್ತಳು.

"ಇದಕ್ಕಿಂತ ದೊಡ್ಡದನ್ನ ಹೊತ್ಕಂಡು ತಿರುಗಿದೆನಲ್ಲವ್ವಾ! ನನ್ನ ಮನಸ್ನಾಗೆ ಮುಖಾನೇ ಇರ್ಲಿಲ್ಲ. ಇಲ್ನೋಡಿದ್ರೆ ನನ್ನ ಮೂಗು ಐತಿ, ಕಣ್ಣು ಐತಿ, ನಮ್ಮವ್ವನ ಗಲ್ಲ ಐತಿ."

ಹೊರಗೆ ಹಾಲೇಶಿಯೂ ಅಳುತ್ತಿದ್ದ. ಬೆಳ್ಳುಳ್ಳಿ ಇಲ್ಲದೆಯೇ.

ಅವಳು ಹೋದ ಮೇಲೆ ಅವನು ಕಡಲೆಹಿಟ್ಟು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ತಿಕ್ಕಿದ. ಕನ್ನಡಿ ಕೆರೆಯ ನೀರಿನ ಹಾಗೆ ತಿಳಿಯಾಯಿತು. ಕೆಳಗಿನ ಮೂಲೆಯಲ್ಲಿ ಮಾತ್ರ ಉಗುರುದ್ದದ ಗೀರು ಉಳಿದಿತ್ತು.

"ಅವ್ವಾರೆ, ಈ ಗೀರು ಹೋಗಲ್ಲ."

"ಅದು ನಿಂದು. ದಿನಾ ಬಗ್ಗಿ ನೋಡ್ಕೊ."

"ಆತ್ರಿ." ಸ್ವಲ್ಪ ತಡೆದು ಕೇಳಿದ. "ನಾಳೆ ಮಂದಿ ಬರ್ತತಿ. ಮತ್ತೆ ಬಿಂದಿ ಅಂಟಿಸ್ತಾರ. ಪಕ್ಕದ ಗೋಡಿಗೆ ಒಂದು ಬೋರ್ಡು ಹಾಕ್ಲೇನ್ರಿ?"

"ಗೋಡಿ ಏನು ತಪ್ಪು ಮಾಡೈತಿ?"

ಹಾಲೇಶಿ ಎಣ್ಣೆಯ ಬಟ್ಟಲು ಎತ್ತಿ ಒಳಗಿಟ್ಟ.

ಹುಣ್ಣಿಮೆಯ ಬೆಳಿಗ್ಗೆ ಹುಲಿಗೆಮ್ಮ ಮಗಳ ಕೈ ಹಿಡಿದುಕೊಂಡು ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಸೆರಗು ಹೆಗಲ ಮೇಲಿತ್ತು. ಅಂಗಳದಲ್ಲಿದ್ದವರು ತಿರುಗಿ ನೋಡಿದರು. ಅವಳು ಅವರನ್ನು ನೋಡಿದಳು, ನೋಡಿಕೊಂಡೇ ನಡೆದಳು.

ಕನ್ನಡಿಯ ಮುಂದೆ ನಿಂತಳು. ಮಗಳು ಬಿಂದಿಯ ಪಾಕೀಟು ಕೊಟ್ಟಳು. ಎರಡು ವರ್ಷದ ಮೇಲೆ ಹುಲಿಗೆಮ್ಮ ಕನ್ನಡಿ ನೋಡಿಕೊಂಡು ಹಣೆಗೆ ಬಿಂದಿ ಇಟ್ಟುಕೊಂಡಳು. ಸ್ವಲ್ಪ ಎಡಕ್ಕಾಯಿತು. ತೆಗೆದು ಸರಿಯಾಗಿ ಇಟ್ಟುಕೊಂಡಳು. ಕೈ ಮುಗಿದಳು.

ಆಮೇಲೆ ಪಾಕೀಟಿನಿಂದ ಇನ್ನೊಂದು ಬಿಂದಿ ತೆಗೆದು, ಕನ್ನಡಿಯಲ್ಲಿದ್ದ ತನ್ನ ಹಣೆಗೂ ಅಂಟಿಸಿದಳು. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.

ಹತ್ತು ದಿನ ಒರೆಸಿದ ಕನ್ನಡಿಯ ನಟ್ಟನಡುವೆ ಒಂದು ಕೆಂಪು ಬಿಂದಿ.

ಹಾಲೇಶಿಯ ಬಾಯಿ ತಾನಾಗಿ ತೆರೆಯಿತು. ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ನಿಲ್ಲಿಸಿ ಅವ್ವನ ಕಡೆ ನೋಡಿದ.

ಅವ್ವ ಹೇಳಿದರು:

"ಇರ್ಲಿ ಬಿಡಪ್ಪಾ. ಎಣ್ಣಿ ಐತಲ್ಲ."